ಮೃತರಿಗೆ ಏನಾಗಬೇಕು

ಕಾಚಿಗುಡದ ತುಳಸಾಬಾಯಿಯವರ ಮನೆಯ ಮೇಲಿನ ಕೋಣೆಗೆ ಗಾನವಿ ಬಾಡಿಗೆಗೆ ಬಂದದ್ದು ಮೈಸೂರು ಬಿಟ್ಟು ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿದ ವರ್ಷ. ಕೋಣೆ ತೋರಿಸುವಾಗ ತುಳಸಾಬಾಯಿ ಮೊದಲು ಹಿಂದಿಯಲ್ಲಿ ಮಾತಾಡಿದರು, ಆಮೇಲೆ ತೆಲುಗಿನಲ್ಲಿ. ಹುಡುಗಿ ಕಿಟಕಿಯ ಬಳಿ ನಿಂತು ಫೋನಿನಲ್ಲಿ ತಾಯಿಗೆ "ಬಿಸಿಲು ಚೆನ್ನಾಗಿ ಬೀಳತ್ತಮ್ಮ" ಎಂದದ್ದು ಕಿವಿಗೆ ಬಿದ್ದಾಗ ಅವರ ಮುಖ ಅರಳಿತು.

"ಕನ್ನಡದಾಕಿ ಏನವ್ವ ನೀ? ಮೊದ್ಲ ಹೇಳಬಾರದೇನು! ಸುಮ್ನ ನನ್ನ ಬಾಯಿಂದ ಹಿಂದಿ ಆಡಿಸಿದಿ."

ತುಳಸಾಬಾಯಿಯ ಮಾವನವರು ರಾಯಚೂರಿನಿಂದ ಸರ್ಕಾರಿ ನೌಕರಿಗೆಂದು ಬಂದು ಇಲ್ಲಿಯೇ ಮನೆ ಕಟ್ಟಿದವರು. ಗಂಡ ಬೇಗ ತೀರಿಕೊಂಡಿದ್ದರು. ಓಣಿಯ ಹೆಂಗಸರ ಜಂಪರು ಹೊಲಿಯುತ್ತ, ಸೀರೆಗೆ ಫಾಲ್ ಹಚ್ಚುತ್ತ ಆಕೆ ಒಬ್ಬನೇ ಮಗನನ್ನು ಓದಿಸಿದ್ದರು. ಮಗ ನಿಶಾಂತ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್. ಸಂಜೆ ಅವನು ಗೇಟು ತೆಗೆದು ಒಳಗೆ ಬಂದರೆ ಅವನಿಗಿಂತ ಮೊದಲು ಅವನ ಅಂಗಿಯ ರಾಸಾಯನಿಕದ ವಾಸನೆ ಮೆಟ್ಟಿಲು ಹತ್ತಿ ಗಾನವಿಯ ಕೋಣೆ ಸೇರುತ್ತಿತ್ತು.

ಅವರಿಬ್ಬರ ಮಾತು ಶುರುವಾದದ್ದು ನೀರಿನ ಮೋಟರಿನಿಂದ. ನಲ್ಲಿಯಲ್ಲಿ ನೀರು ಬಂದ ದಿನ ನಿಶಾಂತ ಕೆಳಗೆ ಮೋಟರು ಹಚ್ಚಿ "ನೀರು ಬಂತೇನ್ರಿ?" ಎಂದು ಕೂಗುತ್ತಿದ್ದ. ಗಾನವಿ ಟ್ಯಾಂಕಿನ ಹತ್ತಿರ ನಿಂತು "ಬಂತು" ಎಂದು ಕೂಗಬೇಕು. ಎಷ್ಟೋ ತಿಂಗಳು ಇಷ್ಟೇ ಮಾತು. ಒಂದು ದಿನ ಆಫೀಸಿಗೆ ಹೊರಟವಳನ್ನು ಗೇಟಿನ ಹತ್ತಿರ ತಡೆದು, "ಒಮ್ಮೆರ ಬಂದಿಲ್ಲ ಅನ್ರಿ. ಮ್ಯಾಲೆ ಬರಾಕ ನನಗೊಂದು ನೆವ ಬೇಕಲ್ಲ" ಎಂದ. ಅವಳು ನಗು ತಡೆದುಕೊಂಡು ಹೊರಟುಹೋದಳು. ಮುಂದಿನ ಸಲ ಅವನು ಕೂಗಿದಾಗ ಟ್ಯಾಂಕು ತುಂಬಿ ಹರಿಯುತ್ತಿದ್ದರೂ "ಬಂದಿಲ್ಲ" ಎಂದಳು.

ತುಳಸಾಬಾಯಿಗೆ ಎಲ್ಲ ತಿಳಿದಿತ್ತು. ಮಗ ಹೇಳಲು ತಡವರಿಸಿದಾಗ ಅವರೇ ಹೇಳಿದರು: "ಮೋಟರ್ ರಿಪೇರಿಗೆ ವರ್ಷಗಟ್ಲೆ ಬೇಕೇನೋ? ನಾ ಏನು ಕಣ್ಣು ಮುಚ್ಕೊಂಡು ಹೊಲಿಗಿ ಹಾಕ್ತೀನಿ ಅಂತ ತಿಳ್ಕೊಂಡಿ?" ಗಾನವಿಯ ತಂದೆತಾಯಿ ಮೈಸೂರಿನಿಂದ ಬಂದು ಹೋಳಿಗೆ ಊಟ ಮಾಡಿ ಹೋದರು. ಶ್ರಾವಣದಲ್ಲಿ ಮದುವೆ ಎಂದು ನಿಶ್ಚಯವಾಯಿತು.

ಮದುವೆಗೆ ಇನ್ನು ಕೆಲವೇ ವಾರಗಳಿದ್ದವು. ಸಿಕಂದರಾಬಾದಿನಲ್ಲಿ ಬೋನಾಲು ಜಾತ್ರೆ ನಡೆಯುತ್ತಿದ್ದ ಭಾನುವಾರ. ಊರೆಲ್ಲ ಅಮ್ಮನವರ ಗುಡಿಗಳ ಕಡೆ ಹರಿಯುತ್ತಿದ್ದಾಗ ಗಾನವಿ, "ದಿನಾ ನಿನ್ನ ಅಂಗೀಲಿ ಬರತ್ತಲ್ಲ ಆ ವಾಸನೆ, ಅದು ಎಲ್ಲಿಂದ ಬರತ್ತೆ ಅಂತ ನೋಡ್ಬೇಕು" ಎಂದು ಹಟ ಹಿಡಿದಳು. ನಿಶಾಂತ ಸ್ಕೂಟರಿನಲ್ಲಿ ಅವಳನ್ನು ಜೀಡಿಮೆಟ್ಲಾಕ್ಕೆ ಕರೆದುಕೊಂಡು ಹೋದ. ಕಾರ್ಖಾನೆಯ ಗೇಟಿನ ಎದುರಿನ ಅಂಗಡಿಯಲ್ಲಿ ಇಬ್ಬರೂ ಚಹಾ ಕುಡಿದರು. ವಾಪಸು ಬರುವಾಗ ಬೇರೊಂದು ಕಾರ್ಖಾನೆಯ ಗೇಟಿನೊಳಗಿಂದ ಟ್ಯಾಂಕರು ಲಾರಿಯೊಂದು ನಿಲ್ಲದೆ, ಹಾರನ್ನು ಹಾಕದೆ, ನೇರ ರಸ್ತೆಗೆ ನುಗ್ಗಿತು. ಗಾನವಿ ರಸ್ತೆಯ ಅಂಚಿನ ಮರಳಿನ ರಾಶಿಯ ಮೇಲೆ ಹೋಗಿ ಬಿದ್ದಳು. ಬಲ ಮಣಿಕಟ್ಟು ಮುರಿಯಿತು. ನಿಶಾಂತ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದ.

ಕೈಗೆ ಪಟ್ಟಿ ಕಟ್ಟಿಸಿಕೊಂಡು ಅವಳು ಕಾಚಿಗುಡಕ್ಕೆ ಬಂದಾಗ ಮನೆಯ ಮುಂದೆ ಜನ ಸೇರಿದ್ದರು. ಒಳಗೆ ಹೆಂಗಸರು ತುಳಸಾಬಾಯಿಯ ಸುತ್ತ ಕೂತಿದ್ದರು. ಗಾನವಿಯನ್ನು ಎಲ್ಲಿ ಕೂರಿಸಬೇಕೆಂದು ಯಾರಿಗೂ ತೋಚಲಿಲ್ಲ. ಹೆಂಡತಿಯಾಗಿದ್ದರೆ ಅವಳಿಗೊಂದು ಜಾಗವಿರುತ್ತಿತ್ತು, ತಬ್ಬಿ ಅಳುವ ನಾಲ್ಕು ಜನರಿರುತ್ತಿದ್ದರು. ಅವಳು ಮೇಲಿನ ಕೋಣೆಗೆ ಹೋಗುವ ಮೆಟ್ಟಿಲ ಮೇಲೆ ಕೂತಳು. ಅವನನ್ನು ಒಯ್ಯುವಾಗಲೂ ಅಲ್ಲಿಯೇ ಕೂತಿದ್ದಳು.

ಅಪ್ಪ ಬಂದು ಮೈಸೂರಿಗೆ ಕರೆದುಕೊಂಡು ಹೋದರು. ಕೈ ಕೂಡಿದ ಮೇಲೆ ಅವಳು ತಿರುಗಿ ಬಂದಳು. ಅಷ್ಟರಲ್ಲಿ ತುಳಸಾಬಾಯಿಯ ತಮ್ಮ ವೆಂಕಟೇಶ, ಖಜಾನೆ ಇಲಾಖೆಯಿಂದ ನಿವೃತ್ತರಾದವರು, ಅಕ್ಕನ ಮನೆಯ ಯಜಮಾನಿಕೆ ವಹಿಸಿಕೊಂಡಿದ್ದರು. "ನೋಡವ್ವ, ಈಗ ನೀ ಇಲ್ಲಿ ಇರೋದು ಛಲೋ ಕಾಣೂದಿಲ್ಲ. ನಾಳೆ ನಿನಗೂ ಮದಿವಿ ಅಂತ ಆಗಬೇಕಲ್ಲ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತುಳಸಾಬಾಯಿ ಹೊಲಿಗೆ ಯಂತ್ರದ ಮುಂದಿನಿಂದ ಏಳಲಿಲ್ಲ. ಗಾನವಿ ಸಾಮಾನು ಕಟ್ಟಿಕೊಂಡು ಸಿಕಂದರಾಬಾದಿನ ಹಾಸ್ಟೆಲೊಂದಕ್ಕೆ ಹೋದಳು.

ಆಫೀಸಿನಲ್ಲಿ ಎಲ್ಲರೂ ಅವಳೊಡನೆ ಮೆತ್ತಗೆ ನಡೆದುಕೊಂಡರು. ನಿಶಾಂತನ ಹೆಸರು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅಮ್ಮ ಫೋನಿನಲ್ಲಿ ಊಟ ಕೇಳುತ್ತಿದ್ದಳು, ನಿದ್ದೆ ಕೇಳುತ್ತಿದ್ದಳು, ಅವನ ಮಾತು ಬರುತ್ತದೆ ಎನ್ನಿಸಿದರೆ ಫೋನು ತಂಗಿಯ ಕೈಗೆ ಕೊಡುತ್ತಿದ್ದಳು. ಹೀಗೇ ಹೋದರೆ ಅವನೊಬ್ಬ ಇದ್ದ ಎಂಬುದೇ ತನಗೂ ಅನುಮಾನವಾದೀತು ಎಂದು ಗಾನವಿಗೆ ಭಯವಾಗತೊಡಗಿತು.

ಆಗ ನಲಿನಿಯ ಫೋನು ಬಂತು. ತುಳಸಾಬಾಯಿಯ ವಕೀಲೆ. ಟ್ಯಾಂಕರಿನ ಮಾಲೀಕನ ಮೇಲೂ ಅದರ ವಿಮಾ ಕಂಪನಿಯ ಮೇಲೂ ಪರಿಹಾರದ ದಾವೆ ಹಾಕಿದ್ದಾರೆ, ಕಣ್ಣಾರೆ ಕಂಡ ಸಾಕ್ಷಿ ನೀನೊಬ್ಬಳೇ, ಬರಬೇಕು ಎಂದರು.

ನಲಿನಿಯ ಕಚೇರಿ ಕಾಚಿಗುಡ ಚೌರಸ್ತಾದ ಹತ್ತಿರ, ಔಷಧಿ ಅಂಗಡಿಯೊಂದರ ಮಾಳಿಗೆಯ ಮೇಲೆ. ನಡುವಯಸ್ಸಿನ ಹೆಂಗಸು, ಮಾತು ಚುರುಕು. ಎಲ್ಲವನ್ನೂ ಬಿಡಿಸಿ ಹೇಳಿದರು.

"ಲಾರಿ ಡ್ರೈವರನ ಮ್ಯಾಲೆ ಪೊಲೀಸರು ಹಾಕಿದ್ದು ಬ್ಯಾರೆ ಕೇಸು, ಅದರ ಪಾಡಿಗೆ ಅದು ನಡೀತೈತಿ. ನಮ್ಮದು ಪರಿಹಾರದ್ದು. ನಾವು ತೋರಿಸಬೇಕಾದ್ದು ಎರಡು. ತಪ್ಪು ಲಾರಿಯವಂದು ಅಂತ, ಆಮ್ಯಾಲೆ ಮಗ ಹೋಗಿದ್ದಕ್ಕ ಈ ತಾಯಿಗೆ ಏನು ನಷ್ಟ ಆತು ಅಂತ. ಕಂಪನಿಯವರು ಸ್ಕೂಟರಿನವಂದೂ ಅರ್ಧ ತಪ್ಪೈತಿ ಅಂತಾರ. ಅದಕ್ಕ ನೀ ಬೇಕು." ಆಮೇಲೆ ಅವಳ ಕೈ ನೋಡಿ, "ನಿನ್ನ ಕೈ ಮುರಿದದ್ದಕ್ಕ ನೀನೂ ಒಂದು ಅರ್ಜಿ ಹಾಕಬಹುದು. ಹಾಕೋಣೇನು?" ಎಂದರು.

"ನಿಶಾಂತ ಹೋದದ್ದಕ್ಕೆ?" ಎಂದಳು ಗಾನವಿ.

ನಲಿನಿಗೆ ಪ್ರಶ್ನೆ ಅರ್ಥವಾಗಲು ಗಳಿಗೆ ಹಿಡಿಯಿತು. "ಅದು ತಾಯಿ ಹಕ್ಕು, ತಂಗಿ. ಮದಿವಿ ಆಗಿದ್ರ ನಿಂದೂ ಇರ್ತಿತ್ತು. ನಿಶ್ಚಯ ಆದಾಕಿಗೆ ಕಾಯ್ದೆದಾಗ ಜಾಗ ಇಲ್ಲ."

"ಕೈ ವಾಸಿಯಾಗಿದೆ ಮೇಡಂ. ಅದಕ್ಕೆ ನಂಗೇನೂ ಬೇಡ" ಎಂದಳು ಗಾನವಿ.

ಸಾಕ್ಷಿ ಹೇಳುವುದನ್ನು ನಲಿನಿ ಅವಳಿಂದ ಹಲವು ಸಲ ಹೇಳಿಸಿ ಗಟ್ಟಿಮಾಡಿದರು. ಗಾಡಿ ರಸ್ತೆಯ ಯಾವ ಬದಿಗಿತ್ತು? ಎಡಕ್ಕೆ. ವೇಗ? ಮೆಲ್ಲಗೆ, ಮುಂದೆ ಗುಂಡಿಗಳಿದ್ದವು. ಹೆಲ್ಮೆಟ್? ಹಾಕಿದ್ದ. ಆ ಹೊತ್ತಿನಲ್ಲಿ ಅವನು ಏನು ಮಾಡುತ್ತಿದ್ದ?

"ನಗ್ತಿದ್ದ" ಎಂದಳು ಗಾನವಿ.

ನಲಿನಿ ಪೆನ್ನು ಕೆಳಗಿಟ್ಟರು. "ಅದನ್ನ ನೀನಾಗಿ ಹೇಳಬ್ಯಾಡ. ಕೇಳಿದ್ರ ಖರೇ ಹೇಳು, ನಾ ಸುಳ್ಳು ಹೇಳು ಅನ್ನಂಗಿಲ್ಲ. ಆದ್ರ ನೀನಾಗಿ ಹೇಳಿದ್ರ, ಧ್ಯಾನ ರಸ್ತೆ ಮ್ಯಾಲೆ ಇರಲಿಲ್ಲ ಅಂತ ತಿರುವ್ತಾರ."

ಹೀಗೆ ಆ ಕೊನೆಯ ಕ್ಷಣದಿಂದ ನಗುವನ್ನು ತೆಗೆದುಹಾಕಲಾಯಿತು, ಮಾತನ್ನು ತೆಗೆದುಹಾಕಲಾಯಿತು. ಉಳಿದದ್ದು ಎಡಬದಿ ಮತ್ತು ವೇಗ.

ಆದರೆ ಸಾಕ್ಷಿ ಹೇಳುವ ದಿನ ಬೇಗ ಬರಲಿಲ್ಲ. ಪುರಾನಿ ಹವೇಲಿಯ ಕೋರ್ಟಿನಲ್ಲಿ ವಿಚಾರಣೆಯ ತಾರೀಖು ಮುಂದೆ ಹೋಗುತ್ತ ಪೇಶಿಯ ಮೇಲೆ ಪೇಶಿ ಬಿದ್ದಿತು. ಒಮ್ಮೆ ಮಾಲೀಕನಿಗೆ ನೋಟೀಸು ಮುಟ್ಟಿರಲಿಲ್ಲ. ಒಮ್ಮೆ ನ್ಯಾಯಾಧೀಶರು ರಜೆ. ಒಮ್ಮೆ ಕಂಪನಿಯ ವಕೀಲರು ಕಾಲಾವಕಾಶ ಕೇಳಿದರು. ಗಾನವಿ ಬರಲೇಬೇಕೆಂದಿರಲಿಲ್ಲ. "ನಿನ್ನ ಸಾಕ್ಷಿ ದಿನ ನಾನs ಫೋನ್ ಮಾಡ್ತೀನಿ" ಎಂದಿದ್ದರು ನಲಿನಿ. ಆದರೂ ಅವಳು ಪ್ರತಿ ಪೇಶಿಗೆ ರಜೆ ಹಾಕಿ ಬಂದಳು.

ಮೊದಮೊದಲು ಅವಳೂ ತುಳಸಾಬಾಯಿಯೂ ಕೋರ್ಟಿನ ಪಡಸಾಲೆಯ ಬೆಂಚಿನ ಎರಡು ತುದಿಗೆ ಕೂರುತ್ತಿದ್ದರು. ಒಂದು ಮಧ್ಯಾಹ್ನ ತುಳಸಾಬಾಯಿ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕಿ ಅವಳ ಕಡೆ ಚಾಚಿದರು.

"ತಿನ್ನು. ಮೋತಿ ನೋಡು ಹೆಂಗಾಗೇತಿ."

ಗಾನವಿ ತಿಂದಳು.

"ಅವತ್ತು ನಾ ನಿನಗ ಹೋಗಬ್ಯಾಡ ಅನ್ನಬೇಕಿತ್ತು" ಎಂದರು ತುಳಸಾಬಾಯಿ, ಗೋಡೆಯ ಕಡೆ ನೋಡುತ್ತ. "ಬಾಯಿಗೆ ಬರಲಿಲ್ಲವ್ವ. ನಿನ್ನ ನೋಡಿದ್ರ ಅವನ ಹಿಂದ ಕುಂತಾಕಿ ಇಕಿ, ಇಕಿ ಉಳದ್ಲು, ಅವ ಹೋದ ಅಂತ ಅನಸ್ತಿತ್ತು. ಈಗ ನಿನ್ನ ನೋಡಿದ್ರ ಅವನ ಹಿಂದ ಕುಂತಾಕಿ ಇಕಿ, ಇಕಿಯರ ಅದಾಳಲ್ಲ ಅನಸ್ತೈತಿ."

ಆ ದಿನದಿಂದ ಬೆಂಚಿನ ನಡುವೆ ಜಾಗ ಉಳಿಯಲಿಲ್ಲ. ಪೇಶಿಯ ದಿನ ಇಬ್ಬರೂ ಬಾಯ್ತುಂಬ ಅವನ ಮಾತಾಡಿದರು. ತುಳಸಾಬಾಯಿ ಅವನ ಬಾಲ್ಯ ಹೇಳಿದರು: ಕೋಠಿಯ ಸಂತೆಯ ಗದ್ದಲದಲ್ಲಿ ಕಳೆದುಹೋಗಿ, ಬಟ್ಟೆ ಅಂಗಡಿಯ ಗದ್ದುಗೆಯ ಮೇಲೆ ಕೂತು ಗಿರಾಕಿಗಳಿಗೆ ಸೀರೆ ತೋರಿಸುತ್ತಿದ್ದನಂತೆ. ಗಾನವಿ ತಾಯಿಗೆ ತಿಳಿಯದ ನಿಶಾಂತನನ್ನು ಹೇಳಿದಳು: ಮೈಸೂರು ಕನ್ನಡ ಕಲಿಯುತ್ತೇನೆಂದು ಕನ್ನಡಿ ಮುಂದೆ ನಿಂತು "ಬಂದಿದೀನಿ, ಹೋಗಿದೀನಿ" ಎಂದು ಅಭ್ಯಾಸ ಮಾಡುತ್ತಿದ್ದವನನ್ನು. ಜವಾನ ಬಾಗಿಲಿಗೆ ಬಂದು ದಾವೆಯ ಹೆಸರು ಕೂಗಿದಾಗ ಇಬ್ಬರೂ ಒಟ್ಟಿಗೆ ಎದ್ದು ನಿಲ್ಲುತ್ತಿದ್ದರು. ಒಳಗೆ ಹೋಗಿ ಮುಂದಿನ ತಾರೀಖು ಕೇಳಿ ಹೊರಬರುತ್ತಿದ್ದರು. ನಲಿನಿ ತಡವಾದುದಕ್ಕೆ ಸಿಡಿಮಿಡಿಗೊಳ್ಳುತ್ತಿದ್ದರು. ಗಾನವಿಗೆ ಮಾತ್ರ ತಾರೀಖು ಮುಂದೆ ಹೋದದ್ದು ಸಮಾಧಾನವೇ. ಕ್ಯಾಲೆಂಡರಿನಲ್ಲಿ ಆ ದಿನ ಹತ್ತಿರವಾದಂತೆಲ್ಲ ಅವನನ್ನು ಕಾಣಲು ಹೊರಟವಳ ಹಾಗೆ ಅವಳ ಎದೆ ಹಗುರಾಗುತ್ತಿತ್ತು. ಅವನಿಗೆ ಇಷ್ಟವಾಗಿದ್ದ ಹಳದಿ ಚೂಡಿದಾರವನ್ನು ಒಂದೆರಡು ಸಲ ತೊಟ್ಟುಕೊಂಡೂ ಬಂದಳು.

ಎರಡನೆಯ ವರ್ಷದ ಬೇಸಿಗೆಯಲ್ಲಿ ಸಾಕ್ಷಿಯ ದಿನ ಬಂತು.

ಅಂದು ವೆಂಕಟೇಶ ಮಾಮನೂ ಬಂದಿದ್ದರು. ತುಳಸಾಬಾಯಿಯನ್ನು ಒಳಗೆ ಕರೆಯುವ ಮೊದಲು ಅಕ್ಕನನ್ನು ಕಂಬದ ಮರೆಗೆ ಕರೆದೊಯ್ದು ಏನೋ ಹೇಳಿದರು. ಆಕೆ ಒಳಗೆ ಹೋದ ಮೇಲೆ ಗಾನವಿಯ ಪಕ್ಕ ಬಂದು ಕೂತರು.

"ನೋಡವ್ವ, ನಿನಗೊಂದು ಮಾತು. ಮಗಗ ಮದಿವಿ ಗಟ್ಟಿ ಆಗಿತ್ತು ಅಂದ್ರ ಆ ವಕೀಲ ಏನಂತಾನ ಗೊತ್ತೇನು? ಮದಿವಿ ಆದ್ಮ್ಯಾಲೆ ಮಗ ಹೆಂಡ್ತಿ ಕಡೆ ನೋಡ್ತಿದ್ದ, ತಾಯಿಗೆ ಏನೂ ಕೊಡ್ತಿರಲಿಲ್ಲ, ಅದಕ್ಕ ತಾಯಿಗೆ ನಷ್ಟs ಇಲ್ಲ ಅಂತಾನ. ಅಕ್ಕಗೂ ಇದನ್ನs ಹೇಳೇನಿ. ನಿನ್ನ ಕೇಳಿದ್ರ ಪರಿಚಯದಾಕಿ, ಬಾಡಿಗಿಗೆ ಇದ್ದೆ ಅನ್ನು. ಅಷ್ಟs."

"ಮದುವೆ ವಿಷಯ ಹೇಳಲೇಬಾರದಾ?"

"ಯಾಕ ಹೇಳಬೇಕು? ಆಗಲಿಲ್ಲಲ್ಲ ಅದು." ಅವರ ದನಿ ಮೆತ್ತಗಾಯಿತು. "ಅಕ್ಕನ ಸಲುವಾಗಿ."

ತುಳಸಾಬಾಯಿಯ ಕಣ್ಣು ಮೊದಲಿನಂತಿರಲಿಲ್ಲ, ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವರನ್ನು ಕರೆಯಬೇಕಾಗಿತ್ತು. ಗಾನವಿಗೆ ಅದು ನೆನಪಾಯಿತು. "ಆಯ್ತು ಮಾಮ" ಎಂದಳು.

ಒಳಗಿನ ವಿಚಾರಣೆ ಅವಳಿಗೆ ಕೇಳಿಸುತ್ತಿರಲಿಲ್ಲ. ಒಮ್ಮೆ ಮಾತ್ರ ಬಹಳ ಜನ ನಕ್ಕ ಸದ್ದು ಕೇಳಿಸಿತು. ಕೋರ್ಟಿನೊಳಗೆ ನಗುವಂಥದ್ದು ಏನಿರಬಹುದೆಂದು ಅವಳಿಗೆ ತಿಳಿಯಲಿಲ್ಲ. ಆಮೇಲೆ ಅವಳ ಹೆಸರು ಕೂಗಿದರು.

ಕಟಕಟೆಯಲ್ಲಿ ನಿಂತು ಪ್ರಮಾಣ ಮಾಡಿದಳು. ತುಳಸಾಬಾಯಿ ಕೊನೆಯ ಬೆಂಚಿನ ಮೇಲೆ ಕೂತಿದ್ದರು. ನಲಿನಿ ಮೊದಲೇ ಬರೆದು ಸಲ್ಲಿಸಿದ್ದ ಹೇಳಿಕೆಯನ್ನು ಅವಳಿಂದ ಒಪ್ಪಿಸಿದರು. ಆಮೇಲೆ ವಿಮಾ ಕಂಪನಿಯ ವಕೀಲರು ಎದ್ದರು. ತಲೆ ನರೆತ, ಮೆದುಮಾತಿನ ಮನುಷ್ಯ. ತೆಲುಗಿನಲ್ಲಿ ಕೇಳಿ, ಅವಳಿಗೆ ಅರ್ಥವಾಗದಿದ್ದರೆ ಅದನ್ನೇ ಇಂಗ್ಲಿಷಿನಲ್ಲಿ ಕೇಳುತ್ತಿದ್ದರು.

"ನೀವು ಮೃತರಿಗೆ ಏನಾಗಬೇಕು?"

ಇಷ್ಟು ದಿನ ಅವಳನ್ನು ಯಾರೂ ಇದನ್ನು ಕೇಳಿರಲಿಲ್ಲ. ಅವನು ಹೋದ ದಿನ ಆ ಮೆಟ್ಟಿಲ ಮೇಲೆ ಕೂತಿದ್ದಾಗ ಯಾರಾದರೊಬ್ಬರು ಇದನ್ನು ಕೇಳಲಿ ಎಂದು ಅವಳು ಎಷ್ಟು ಹಂಬಲಿಸಿದ್ದಳು.

"ಪರಿಚಯ. ಅವರ ಮನೆಯಲ್ಲಿ ಬಾಡಿಗೆಗೆ ಇದ್ದೆ."

"ಅಷ್ಟೇನಾ?"

"ಅಷ್ಟೇ."

ನ್ಯಾಯಾಧೀಶರು ಅದನ್ನು ಇಂಗ್ಲಿಷಿನಲ್ಲಿ ಹೇಳಿದರು, ಬೆರಳಚ್ಚಿನ ಹುಡುಗಿ ಬಡಿದಳು. ಕೀಲಿಗಳ ಆ ಸದ್ದು ನಿಲ್ಲುವವರೆಗೆ ಗಾನವಿ ಆ ಹುಡುಗಿಯ ಬೆರಳುಗಳನ್ನೇ ನೋಡಿದಳು.

ವಕೀಲರು ಮೇಜಿನ ಮೇಲಿನ ಒಂದು ಹಾಳೆ ಎತ್ತಿಕೊಂಡರು. "ಒಂದನೆಯ ಸಾಕ್ಷಿ ತುಳಸಾಬಾಯಿಯವರು ಈಗಷ್ಟೇ ಇದೇ ಕೋರ್ಟಿನಲ್ಲಿ ಹೇಳಿದ್ದಾರೆ. ಗಾನವಿ ನನ್ನ ಸೊಸೆ, ಶ್ರಾವಣದಲ್ಲಿ ಮದುವೆ ಗಟ್ಟಿಯಾಗಿತ್ತು ಅಂತ. ಅವರು ಸುಳ್ಳು ಹೇಳಿದರೋ, ನೀವು ಹೇಳುತ್ತಿದ್ದೀರೋ?"

ಗಾನವಿ ತಿರುಗಿ ನೋಡಿದಳು. ತುಳಸಾಬಾಯಿಯ ಮುಖದಲ್ಲಿ ಸಿಟ್ಟಿರಲಿಲ್ಲ. ಪೆಟ್ಟು ತಿಂದವರ ಹಾಗೆ ಅವರು ಅವಳನ್ನೇ ನೋಡುತ್ತಿದ್ದರು.

"ಅವರು ಹೇಳಿದ್ದೇ ನಿಜ" ಎಂದಳು.

"ಅಂದರೆ ಪ್ರಮಾಣ ಮಾಡಿ ಸುಳ್ಳು ಹೇಳಿದಿರಿ."

"ಹೌದು."

"ಅಪಘಾತದ ಬಗ್ಗೆ ಹೇಳಿದ್ದೂ ಇದೇ ಬಗೆಯದು, ಅಲ್ಲವೇ?"

"ಅಲ್ಲ. ಅದು ನಾನು ನೋಡಿದ್ದು."

ನ್ಯಾಯಾಧೀಶರು ಕನ್ನಡಕ ತೆಗೆದರು. "ಮೊದಲು ಯಾಕಮ್ಮಾ ಹಾಗೆ ಹೇಳಿದೆ?"

"ನಾನು ಅವನ ಹೆಂಡತಿಯಾಗೋಳಿದ್ದೆ ಅಂತ ಹೇಳಿದ್ರೆ ಅವನ ತಾಯಿಗೆ ಕಡಿಮೆ ಸಿಗತ್ತೆ ಅಂತ ಯಾರೋ ಹೇಳಿದ್ರು ಸರ್." ಅವಳು ಬೆರಳಚ್ಚಿನ ಹುಡುಗಿಯ ಕಡೆ ಕೈ ತೋರಿಸಿದಳು. "ಅವನಿಗೆ ನಾನು ಏನೂ ಅಲ್ಲ ಅಂತ ನಾನೇ ಹೇಳ್ಬಿಟ್ಟೆ. ದಯವಿಟ್ಟು ಅದನ್ನ ಅಳಿಸಿ."

"ಬರೆದದ್ದನ್ನು ಅಳಿಸುವ ಹಾಗಿಲ್ಲ" ಎಂದರು ನ್ಯಾಯಾಧೀಶರು. "ಈಗ ಹೇಳಿದ್ದನ್ನೂ ಬರೆಸುತ್ತೇನೆ."

ಆಮೇಲಿನ ಪ್ರಶ್ನೆಗಳಿಗೆಲ್ಲ ಅವಳು ನೇರವಾಗಿ ಉತ್ತರಿಸಿದಳು. ಮಾತಾಡುತ್ತಿದ್ದನೇ? ಹೌದು. ನಗುತ್ತಿದ್ದನೇ? ಹೌದು. ನಿಮ್ಮ ಕಡೆ ತಿರುಗಿದನೇ? ಇಲ್ಲ, ರಸ್ತೆ ನೋಡುತ್ತಿದ್ದ, ಗುಂಡಿಗಳನ್ನು ತಪ್ಪಿಸುತ್ತಿದ್ದ. ಲಾರಿ ಬರುವುದು ಯಾಕೆ ಕಾಣಲಿಲ್ಲ? ಗೇಟಿನ ಪಕ್ಕ ಎತ್ತರದ ಗೋಡೆ ಇದೆ, ಹಾರನ್ನು ಹೊಡೆಯದಿದ್ದರೆ ಯಾರಿಗೂ ಕಾಣುವುದಿಲ್ಲ. ವಕೀಲರು ನಾಲ್ಕಾರು ಬಗೆಯಲ್ಲಿ ಕೇಳಿದರು. ಅವಳ ಉತ್ತರ ಬದಲಾಗಲಿಲ್ಲ.

ಹೊರಗೆ ಬಂದಾಗ ನಲಿನಿ ವೆಂಕಟೇಶ ಮಾಮನ ಮೇಲೆ ಹರಿಹಾಯುತ್ತಿದ್ದರು. "ನನ್ನ ಕೇಳದs ಸಾಕ್ಷಿದಾರರಿಗೆ ಪಾಠ ಹೇಳ್ತೀರೇನ್ರಿ? ಮದಿವಿ ಆಗದ ಮಗ ಅಂದ್ರ ಮುಂದ ಮದಿವಿ ಆಗ್ತಾನ ಅಂತ ಕಾಯ್ದೆನs ಹಿಡಕೊಂಡಿರ್ತೈತಿ. ಅದರ ಕಡಿತ ಪರಿಹಾರದಾಗ ಮೊದ್ಲs ಆಗಿರ್ತೈತಿ. ಇಕಿ ಇದ್ರೂ ಅಷ್ಟs, ಇರದಿದ್ರೂ ಅಷ್ಟs! ಸುಮ್ನ ಕೂಸಿನ ಬಾಯಿಂದ ಸುಳ್ಳು ಹೊರಡಿಸಿದ್ರಿ."

ವೆಂಕಟೇಶ ಮಾಮ ತಲೆ ತಗ್ಗಿಸಿ ನಿಂತಿದ್ದರು. ಆಮೇಲೆ ಗಾನವಿಯ ಹತ್ತಿರ ಬಂದು, "ತಪ್ಪಾತವ್ವ" ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದುಬಿಟ್ಟರು.

ತುಳಸಾಬಾಯಿ ಒಳಗೆ ಹೇಳಿದ್ದೇನೆಂದು ನಲಿನಿಯೇ ಅವಳಿಗೆ ಹೇಳಿದರು. ಸೊಸೆ ಬಂದಿದ್ದರೆ ನಿಮ್ಮ ಪಾಲು ಕಡಿಮೆಯಾಗುತ್ತಿತ್ತು ಅಲ್ಲವೇ ಎಂದು ಕಂಪನಿಯ ವಕೀಲರು ಕೇಳಿದಾಗ ಆಕೆ, "ಸಾಹೇಬ್ರ, ಆಕಿ ಬಂದಿದ್ರ ನನಗ ಇಬ್ಬರು ಮಕ್ಕಳಾಗ್ತಿದ್ರು. ಇಬ್ಬರು ಗಳಿಸೋ ಮನ್ಯಾಗ ಮುದುಕಿಗೆ ಹೆಂಗ ಕಡಿಮಿ ಬೀಳ್ತೈತಿ? ನಿಮ್ಮ ಮನ್ಯಾಗ ಹಂಗ ಐತೇನು?" ಎಂದು ತಿರುಗಿ ಕೇಳಿದ್ದರಂತೆ. ಅಲ್ಲಿದ್ದ ವಕೀಲರೆಲ್ಲ ನಕ್ಕಿದ್ದರಂತೆ. ಕನ್ನಡ, ಹಿಂದಿ, ತೆಲುಗು ಮೂರೂ ಬೆರೆತ ಆ ಮಾತನ್ನು ಇಂಗ್ಲಿಷಿಗೆ ಹೇಗೆ ತರುವುದೆಂದು ನ್ಯಾಯಾಧೀಶರು ಸ್ವಲ್ಪ ಹೊತ್ತು ಯೋಚಿಸಿದರಂತೆ.

ಇಬ್ಬರೂ ಒಂದು ಆಟೋ ಹಿಡಿದರು. ಚಾದರಘಾಟಿನ ಸೇತುವೆಯ ಮೇಲೆ ವಾಹನಗಳು ಸಿಕ್ಕಿಕೊಂಡು ಆಟೋ ನಿಂತೇಬಿಟ್ಟಿತು. ತುಳಸಾಬಾಯಿ ಸೆರಗಿನಿಂದ ಬೆವರು ಒರೆಸಿಕೊಂಡು ಕೇಳಿದರು.

"ನಗಾಕತ್ತಿದ್ದ ಅಂದಿ. ಯಾಕ ನಗಾಕತ್ತಿದ್ದ? ಆ ವಕೀಲ ಅದನ್ನ ಕೇಳಲಿಲ್ಲ. ನಾ ಕೇಳಾಕತ್ತೀನಿ."

ಗಾನವಿ ಇದನ್ನು ಯಾರಿಗೂ ಹೇಳಿರಲಿಲ್ಲ. ಎರಡು ವರ್ಷ ಕಾಪಾಡಿ ಇಟ್ಟುಕೊಂಡಿದ್ದಳು.

"ನೀವು ಮದುವೆಗೆ ಅಂತ ಅವನಿಗೆ ಜಾಕೀಟು ಹೊಲಿದಿದ್ರಲ್ಲ ಅಮ್ಮ. ಅದರ ಒಂದು ತೋಳು ಉದ್ದ ಆಗಿತ್ತಂತೆ. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ ಅವನು. ಮದುವೆ ಮುಗಿಯೋ ತನಕ ಒಂದು ಕೈ ಮಡಚ್ಕೊಂಡೇ ನಿಂತಿರ್ತೀನಿ, ಫೋಟೋದಾಗ ದೊಡ್ಡ ಸಾಹೇಬನ ಹಂಗ ಕಾಣ್ತೀನಿ, ಅವ್ವನ ಮುಂದ ಮಾತ್ರ ಹೇಳಬ್ಯಾಡ ಅಂದ. ನಾನು ತಾಳಿ ಹೆಂಗೆ ಕಟ್ತೀಯ ಅಂದೆ. ಅದಕ್ಕೇ ನಗು ಬಂತು. ಇಬ್ಬರಿಗೂ."

ತುಳಸಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಮೊದಲು ನಗು ಬಂತು, ಭುಜ ಅಲುಗಾಡುವಂಥ ನಗು. ಅದು ಯಾವಾಗ ಅಳುವಾಯಿತೆಂದು ಗಾನವಿಗೆ ತಿಳಿಯಲಿಲ್ಲ.

"ಎಡದ ತೋಳು" ಎಂದರು. "ನನಗ ಗೊತ್ತಿತ್ತವ್ವ. ಬಿಚ್ಚಿ ಹೊಲೀಬೇಕಂತ ತಗದಿಟ್ಟಿದ್ದೆ. ಅವ ಸಂಜಿಗೆ ಬರ್ಲಿ, ಅಳತಿ ತಗೋಳೋಣು ಅಂತ ಕುಂತಿದ್ದೆ."

ಹಿಂದಿನ ಗಾಡಿಗಳೆಲ್ಲ ಹಾರನ್ನು ಹೊಡೆಯುತ್ತಿದ್ದವು. ಆಟೋದವನು ಕನ್ನಡಿಯಲ್ಲಿ ಒಮ್ಮೆ ನೋಡಿ ಮುಂದಕ್ಕೆ ತಿರುಗಿದ.

ತೀರ್ಪು ಬರಲು ಇನ್ನೊಂದು ವರ್ಷ ಹಿಡಿಯಿತು. ತಪ್ಪು ಪೂರ್ತಿ ಟ್ಯಾಂಕರಿನದೇ ಎಂದಾಯಿತು. ಎರಡನೆಯ ಸಾಕ್ಷಿ ತನಗೂ ಮೃತನಿಗೂ ಇದ್ದ ಸಂಬಂಧವನ್ನು ಮೊದಲು ಮುಚ್ಚಿಟ್ಟರೂ ಕೂಡಲೇ ಒಪ್ಪಿಕೊಂಡಿದ್ದಾಳೆ, ಅಪಘಾತದ ವಿಷಯದಲ್ಲಿ ಅವಳ ಮಾತು ಅಲುಗಿಲ್ಲ, ಅದನ್ನು ನಂಬಬಹುದು ಎಂದು ನ್ಯಾಯಾಧೀಶರು ಬರೆದಿದ್ದರು. ಪರಿಹಾರ ತಾಯಿಗೆ ಎಂದು ಆದೇಶವಾಯಿತು. ಕಂಪನಿ ಹೈಕೋರ್ಟಿಗೆ ಹೋಗಬಹುದೆಂದು ಕೆಲವು ತಿಂಗಳು ಕಾದರು. ಹೋಗಲಿಲ್ಲ. ಒಂದು ದಿನ ನಲಿನಿ ಇಬ್ಬರಿಗೂ ಫೋನು ಮಾಡಿ, "ಮುಗೀತ್ರಿ. ಇನ್ನ ಯಾವ ತಾರೀಖೂ ಇಲ್ಲ" ಎಂದರು. ಅವರ ದನಿಯಲ್ಲಿ ಗೆದ್ದ ಸಂತೋಷವಿತ್ತು.

ಗಾನವಿ ಫೋನು ಇಟ್ಟು ಹಾಸ್ಟೆಲಿನ ಮಂಚದ ಮೇಲೆ ಕೂತಳು. ತಾರೀಖಿಲ್ಲ. ಅವನನ್ನು ಕಾಣಲು ಇನ್ನು ಯಾವ ದಿನಕ್ಕೆ ಕಾಯಬೇಕು? ಅವನು ತೀರಿಕೊಂಡ ವಾರ ಅಳದೆ ಉಳಿದಿದ್ದ ಅಳು ಅವತ್ತು ಬಂತು.

ಆ ಭಾನುವಾರ ಅವಳು ಕಾಚಿಗುಡಕ್ಕೆ ಹೋದಳು. ತುಳಸಾಬಾಯಿ ಬಾಗಿಲಲ್ಲಿಯೇ ನಿಂತಿದ್ದರು, ಬರುತ್ತಾಳೆಂದು ಗೊತ್ತಿದ್ದವರ ಹಾಗೆ. ಮುಂದಿನ ಭಾನುವಾರವೂ ಹೋದಳು, ಅದರ ಮುಂದಿನದಕ್ಕೂ. ಕಣ್ಣಿನ ಶಸ್ತ್ರಚಿಕಿತ್ಸೆಗೆ ಅವಳೇ ಕರೆದುಕೊಂಡು ಹೋಗಿ ಬಂದಳು. ಪರಿಹಾರದಲ್ಲಿ ಒಂದು ಪಾಲು ನಿನ್ನ ಹೆಸರಿಗೆ ಇಡುತ್ತೇನೆ ಎಂದು ತುಳಸಾಬಾಯಿ ಅಂದದ್ದಕ್ಕೆ ಅವಳು ಒಪ್ಪಲಿಲ್ಲ. ಆ ವಿಷಯಕ್ಕೆ ಇಬ್ಬರಿಗೂ ಒಮ್ಮೆ ಜಗಳವೇ ಆಯಿತು, ಆಮೇಲೆ ಆ ಮಾತು ನಿಂತಿತು.

ಚಳಿಗಾಲದಲ್ಲಿ ತಂಗಿಯ ಮದುವೆಗೆಂದು ಗಾನವಿ ಮೈಸೂರಿಗೆ ಹೊರಟಳು. ತುಳಸಾಬಾಯಿ ಕಾಚಿಗುಡ ಸ್ಟೇಷನ್ನಿಗೆ ಬಂದಿದ್ದರು. ರೈಲು ಹೊರಡುವ ಮುನ್ನ ಕಿಟಕಿಯ ಸರಳು ಹಿಡಿದುಕೊಂಡು ಹೇಳಿದರು:

"ಅಲ್ಲಿ ನಿನ್ನ ಅಪ್ಪ ಅವ್ವ ಯಾರನ್ನರ ತೋರಿಸ್ತಾರ. ಮನಸಿಗೆ ಬಂದ್ರ ಹೂಂ ಅನ್ನು. ನನ್ನ ಸಲುವಾಗಿ ತಡೀಬ್ಯಾಡ."

"ನಿಮ್ಮ ಸಲುವಾಗಿ ಅಲ್ಲ ಅಮ್ಮ."

"ಗೊತ್ತೈತಿ ನನಗ" ಎಂದರು ತುಳಸಾಬಾಯಿ. "ಆದ್ರೂ ಹೇಳಬೇಕಲ್ಲ, ಹೇಳಿದೆ. ಮುಟ್ಟಿದ ಕೂಡ್ಲೆ ಫೋನ್ ಮಾಡು."

ರೈಲು ಅಲುಗಿತು. ಅವರು ಕೈ ಬಿಟ್ಟು ಎರಡು ಹೆಜ್ಜೆ ಜೊತೆಗೆ ನಡೆದು ನಿಂತರು. ಪ್ಲಾಟ್‌ಫಾರಂ ಹಿಂದೆ ಸರಿಯಿತು, ಆಮೇಲೆ ಊರಿನ ದೀಪಗಳು ಒಂದೊಂದಾಗಿ ಹಿಂದೆ ಹೋದವು. ಎದುರಿನ ಸೀಟಿನವರು ಊಟ ಬಿಚ್ಚಿದರು. ಗಾನವಿ ಕಿಟಕಿಗೆ ತಲೆ ಆನಿಸಿದಳು.

ಕಟಕಟೆಯಲ್ಲಿ ನಿಂತು ಅವನ ಅವ್ವ ಆ ದೊಡ್ಡ ವಕೀಲರನ್ನು "ನಿಮ್ಮ ಮನ್ಯಾಗ ಹಂಗ ಐತೇನು?" ಎಂದು ಕೇಳಿದ್ದನ್ನು ಅವನಿಗೆ ಹೇಳಬೇಕಾಗಿತ್ತು. ಅವನು ನಂಬುತ್ತಿರಲಿಲ್ಲ. ಇನ್ನೊಮ್ಮೆ ಹೇಳು, ಅವ್ವನ ದನಿಯಾಗ ಹೇಳು ಎನ್ನುತ್ತಿದ್ದ. ಅವಳಿಗೆ ಆ ದನಿ ಬರುತ್ತಿರಲಿಲ್ಲ, ಅವನೇ ಮಾಡಿ ತೋರಿಸುತ್ತಿದ್ದ. ಈ ಮೂರು ವರ್ಷಗಳಲ್ಲಿ ನಡೆದದ್ದೆಲ್ಲವನ್ನೂ, ನಲಿನಿಯ ಸಿಟ್ಟು, ಮಾಮನ ತಗ್ಗಿದ ತಲೆ, ಸೇತುವೆಯ ಮೇಲೆ ನಿಂತ ಆಟೋ, ಮೊದಲಿನಿಂದ ಕೊನೆಯವರೆಗೆ ಒಬ್ಬನಿಗೆ ಹೇಳಬೇಕೆಂದು ಅವಳಿಗೆ ಬಹಳ ಆಸೆಯಾಯಿತು. ಕೇಳಬೇಕಾದವನು ಅವನೊಬ್ಬನೇ.